ಶುಗರ್ ಬಂದಿದೆ, ಸಕ್ಕರೆ ಖಾಲಿ

ಮಂಡ್ಯದಲ್ಲಿ ಐವತ್ತು ದಾಟಿದ ಗಂಡಸರಿಬ್ಬರು ಎದುರಾದರೆ ಮೊದಲು ಕಟ್ಟೆ ನೀರಿನ ವಿಚಾರ, ಆಮೇಲೆ ಶುಗರಿನ ವಿಚಾರ.

"ಕಟ್ಟೇಲೆಷ್ಟೈತೆ?"

"ನೂರಾ ಹದಿನೆಂಟಡಿ ಅಂದ್ರು ಬೆಳಗ್ಗೆ."

"ನಿಂದು?"

"ನೂರಾ ತೊಂಬತ್ತು. ತಿಂಡಿಗೆ ಮುಂಚೆ."

ಕೇಳಿದವನಿಗೂ ಹೇಳಿದವನಿಗೂ ಗೊಂದಲವೇ ಇಲ್ಲ. ಕನ್ನಂಬಾಡಿ ಕಟ್ಟೆ ತುಂಬುವುದು 124.80 ಅಡಿಗೆ. ಖಾಲಿ ಹೊಟ್ಟೆಯ ರಕ್ತದಲ್ಲಿ ಸಕ್ಕರೆ 126 ಮುಟ್ಟಿದರೆ ಡಾಕ್ಟರು ಇನ್ನೊಂದು ಸಲ ನೋಡೋಣ ಅನ್ನುತ್ತಾರೆ, ಇನ್ನೊಂದು ಸಲವೂ ಅಷ್ಟೇ ಇದ್ದರೆ 'ಬಂತು' ಅನ್ನುತ್ತಾರೆ. ಎರಡು ಲೆಕ್ಕವೂ ಹೆಚ್ಚೂಕಮ್ಮಿ ಒಂದೇ ಗೆರೆಯಲ್ಲಿ ನಿಂತಿರುವುದು ಆಕಸ್ಮಿಕ ಅಂತ ಬೇರೆ ಜಿಲ್ಲೆಯವರು ಬೇಕಾದರೆ ನಂಬಲಿ. ಕಟ್ಟೆ ತುಂಬಿದರೆ ಮುಖ್ಯಮಂತ್ರಿಗಳು ಬಂದು ಬಾಗಿನ ಬಿಡುತ್ತಾರೆ. ಇದು ತುಂಬಿದರೆ ಹೆಂಡತಿ ಬಂದು ತಟ್ಟೆಯಲ್ಲಿರೋ ಅನ್ನ ಎತ್ತಿಡುತ್ತಾಳೆ.

ಪೇಟೆ ಬೀದಿ ಕಡೆ ನಮ್ಮದೊಂದು ಖಾಯಂ ಕಾಫಿ ಅಂಗಡಿ ಇದೆ. ಹೊರಗಡೆ ಎರಡು ಬೆಂಚು. ಒಂದು ಗಿರಾಕಿಗಳಿಗೆ, ಒಂದು ನಮಗೆ. ನಮಗೆ ಅಂದರೆ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರು, ಬೆಲ್ಲದ ಮಂಡಿಯ ಶಿವಣ್ಣ, ಇನ್ಶೂರೆನ್ಸ್ ಮಾಡಿಸುವ ಸೀನ, ಮೊಬೈಲಿಗೆ ಬಂದದ್ದನ್ನೆಲ್ಲ ವೇದವಾಕ್ಯ ಅಂತ ಓದಿ ಹೇಳುವ ಪುಟ್ಟರಾಜು, ಜೊತೆಗೆ ನಾನು. ಆವತ್ತು ಸೀನ ಮುಖ ಊದಿಸಿಕೊಂಡೇ ಬಂದ.

"ಪಕ್ಕದ ಮನೆಗೆ ಬೆಂಗಳೂರಿಂದ ಹೊಸಬ್ರು ಬಂದವ್ರೆ ಕಣ್ರೋ. ಗಂಡ ಎಂಡ್ತಿ ಇಬ್ರೂ ಕಂಪ್ಯೂಟ್ರು. ಆ ಹುಡ್ಗಿ ನಿನ್ನೆ ಬಾಗ್ಲು ತಟ್ಟಿ, ಆಂಟಿ, ಶುಗರ್ ಇದೆಯಾ ಅಂತು. ನಮ್ಮೋಳು, ಹೂಂ ಕಣವ್ವ, ಭಾಳ ವರ್ಸ ಆಯ್ತು, ಯಾರ್ ಯೋಳುದ್ರು ನಿಂಗೆ ಅಂದ್ಳು. ಆ ಹುಡ್ಗಿ, ಸ್ವಲ್ಪ ಕೊಡ್ತೀರಾ ಆಂಟಿ ಅಂತು. ನಮ್ಮೋಳು, ಅಯ್ಯೋ, ಕೊಡಂಗಿದ್ರೆ ನಮ್ಮತ್ತೆಗೆ ಯಾವತ್ತೋ ಕೊಟ್ಬುಡ್ತಿದ್ದೆ ಅಂದ್ಳಂತೆ!"

ಶಿವಣ್ಣ ನಕ್ಕ ರಭಸಕ್ಕೆ ಕಾಫಿ ಮೂಗಿಗೆ ಹತ್ತಿತು. ಸೀನನ ತಾಯಿಗೆ ಎಂಬತ್ತೆರಡು, ಬೆಳಗ್ಗೆ ಒಬ್ಬಟ್ಟು ಕೊಟ್ಟರೆ ರಾತ್ರಿಗೂ ಇದೆಯಾ ಅಂತ ಕೇಳುತ್ತಾರೆ. ಶುಗರ್ ಹತ್ತಿರವೂ ಸುಳಿದಿಲ್ಲ. ಆ ಮನೆಯಲ್ಲಿ ಅದೊಂದು ಹಳೇ ವ್ಯಾಜ್ಯ.

ಮೇಷ್ಟ್ರು ಮಾತ್ರ ನಗಲಿಲ್ಲ. ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಕಾಫಿ ಹುಯ್ಯುತ್ತಾ, "ಆಯಮ್ಮ ಸರಿಯಾಗೇ ಹೇಳಿದಾರೆ ಕಣಯ್ಯಾ. ತಪ್ಪು ಆ ಹುಡುಗೀದು" ಅಂದರು. "ಡಬ್ಬದಲ್ಲಿರೋದು ಸಕ್ಕರೆ. ರಕ್ತದಲ್ಲಿರೋದು ಶುಗರ್. ನಮ್ಮ ಜನ ಎಷ್ಟು ಚೆನ್ನಾಗಿ ಪಾಲು ಮಾಡಿದಾರೆ ನೋಡಿ. ಅಂಗಡೀಗೋಗಿ ಎರಡು ಕೆಜಿ ಶುಗರ್ ಕೊಡಿ ಅಂತ ಕೇಳೋ ಹಳ್ಳಿಯೋನಿಲ್ಲ. ಡಾಕ್ಟ್ರ ಮುಂದೆ ನಂಗೆ ಸಕ್ಕರೆ ಬಂದೈತೆ ಅನ್ನೋನೂ ಇಲ್ಲ. ಇಂಗ್ಲಿಷಿನೋರ ಹತ್ರ ಇರೋದು ಒಂದೇ ಪದ. ಅದನ್ನ ನಾವು ತಗೊಂಡು ಬೇರೆ ಕೆಲಸಕ್ಕೆ ಹಚ್ಚಿದ್ದೀವಿ."

"ಕಾಫಿಗೆ ಬೇಡ ಅನ್ನೋಕೆ ಏನಂತೀವಿ?" ಅಂದೆ ನಾನು.

"ವಿತೌಟ್!" ಅಂತ ಒಳಗಿಂದ ಹುಡುಗ ಕೂಗಿದ. ಅವನಿಗೆ ಅದು ವ್ಯಾಕರಣ ಅಲ್ಲ, ಆರ್ಡರ್. "ಎರಡು ವಿತೌಟಾ, ಮೂರಾ ಸಾರ್?"

ಈ 'ವಿತೌಟ್' ಬಗ್ಗೆ ನನಗೆ ಮೊದಲಿನಿಂದಲೂ ಗೌರವ. ಏನಿಲ್ಲದ್ದು ಅಂತ ಯಾರೂ ಕೇಳುವುದಿಲ್ಲ. ಹಾಲಿಲ್ಲದ್ದಲ್ಲ, ಲೋಟವಿಲ್ಲದ್ದಲ್ಲ, ದುಡ್ಡಿಲ್ಲದ್ದಂತೂ ಅಲ್ಲವೇ ಅಲ್ಲ. ಕರ್ನಾಟಕದ ಹೋಟೆಲುಗಳಲ್ಲಿ ಆ ಒಂದು ಪದದ ಹಿಂದೆ ಯಾವಾಗಲೂ ಸಕ್ಕರೆಯೇ ಮರೆಯಾಗಿ ನಿಂತಿರುತ್ತದೆ. ಲಂಡನ್ನಿಗೆ ಹೋಗಿ 'ಟೂ ವಿತೌಟ್' ಅಂದು ನೋಡಿ, ಗೊತ್ತಾಗುತ್ತದೆ.

"ಅಮೆರಿಕಾದಲ್ಲೂ ದಕ್ಷಿಣದ ರಾಜ್ಯಗಳ ಕಡೆ ಹಳೇ ಜನ ನಮ್ಮಂಗೇ ಕಾಯಿಲೆಗೆ ಶುಗರ್ ಅಂತಾರೆ" ಅಂದರು ಮೇಷ್ಟ್ರು. "ಅಜ್ಜೀಗೆ ಶುಗರ್ ಇದೆ ಅಂದ್ರೆ ಅಲ್ಲೂ ಅರ್ಥ ಆಗುತ್ತೆ. ಆದ್ರೆ ಅಲ್ಲಿ ಇನ್ನೊಂದು ತಾಪತ್ರಯ. ಪ್ರೀತಿಪಾತ್ರರನ್ನೂ ಶುಗರ್ ಅಂತಾನೇ ಕರೀತಾರೆ. ಗಿವ್ ಮಿ ಸಮ್ ಶುಗರ್ ಅಂದ್ರೆ ಒಂದು ಮುತ್ತು ಕೊಡು ಅಂತ."

ಶಿವಣ್ಣ ಸೀನನ ಕಡೆ ತಿರುಗಿದ. "ಸದ್ಯ, ಆ ಹುಡ್ಗಿ ಕೇಳಿದ್ದು ನಿನ್ನೆಂಡ್ತೀನ. ಬಾಗ್ಲು ನೀನು ತೆಗ್ದಿದ್ರೆ?"

"ನಾನೂ ಒಂದು ಕಪ್ಪು ಕೊಟ್ಟು ಕಳಿಸ್ತಿದ್ದೆ" ಅಂದ ಸೀನ, ಸ್ವಲ್ಪ ತಡವಾಗಿ.

ಇಷ್ಟು ಹೊತ್ತು ಮೊಬೈಲ್ ಉಜ್ಜುತ್ತಿದ್ದ ಪುಟ್ಟರಾಜು ತಲೆ ಎತ್ತಿದ. ಅವನು ತಲೆ ಎತ್ತಿದರೆ ಜಗತ್ತಿನ ಯಾವುದೋ ಒಂದು ಪದ ಸಂಸ್ಕೃತಕ್ಕೆ ವಾಪಸ್ ಬರುತ್ತದೆ ಅಂತಲೇ ಅರ್ಥ. ಹಿಂದಿನ ವಾರ ನ್ಯೂಯಾರ್ಕನ್ನು 'ನವ ಅರ್ಕ' ಮಾಡಿದ್ದ.

"ಮೇಷ್ಟ್ರೇ, ಶುಗರ್ ಅನ್ನೋದೇ ಸಂಸ್ಕೃತ. ಶು ಅಂದ್ರೆ ಶುಭ್ರ, ಬೆಳ್ಳಗಿರೋದು. ಗರ ಅಂದ್ರೆ ವಿಷ, ಗರಳ ಅಂತ ಇಲ್ವಾ? ಶು-ಗರ. ಬಿಳೀ ವಿಷ! ಋಷಿಮುನಿಗಳಿಗೆ ಎಲ್ಲಾ ಗೊತ್ತಿತ್ತು."

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಸುಳ್ಳು ಅಂತ ಗೊತ್ತಿದ್ದರೂ ಅಷ್ಟು ಅಚ್ಚುಕಟ್ಟಾದ ಸುಳ್ಳು ದಿನಾ ಸಿಗುವುದಿಲ್ಲ. ಮೇಷ್ಟ್ರಿಗೂ ಅದನ್ನು ಮುರಿಯೋಕೆ ಮನಸ್ಸಿರಲಿಲ್ಲ ಅಂತ ಕಾಣುತ್ತೆ, ಕಾಫಿ ಮುಗಿಸಿ, ಬಾಯಿ ಒರೆಸಿಕೊಂಡು, ಆಮೇಲೆ ಮುರಿದರು.

"ಸಂಸ್ಕೃತ ಅನ್ನೋದೇನೋ ಸರಿ ಪುಟ್ಟರಾಜು. ನೀನು ಮನೆ ಸರಿಯಾಗಿ ಹುಡುಕಿದ್ದೀಯ, ಬಾಗಿಲು ತಪ್ಪಿ ತಟ್ಟಿದ್ದೀಯ. ಹೈಸ್ಕೂಲಲ್ಲಿ ತತ್ಸಮ ತದ್ಭವ ಬಾಯಿಪಾಠ ಮಾಡಿಸ್ತಿದ್ರಲ್ಲ, ಶರ್ಕರಾ, ಸಕ್ಕರೆ. ಆ ಶರ್ಕರಾನೇ ಶುಗರ್ರು."

"ಸಕ್ಕರೇನೂ ಅದೇ, ಶುಗರ್ರೂ ಅದೇನಾ?"

"ಒಂದೇ ತಾಯಿ ಮಕ್ಕಳು. ಒಬ್ಬ ಊರಲ್ಲೇ ಉಳಿದ, ಇನ್ನೊಬ್ಬ ಫಾರಿನ್ನಿಗೆ ಹೋಗಿ ಪ್ಯಾಂಟು ಹಾಕ್ಕೊಂಡು ಬಂದ. ಶರ್ಕರಾ ಪರ್ಷಿಯಾಕ್ಕೆ ಹೋಗಿ ಶಕರ್ ಆಯ್ತು. ಅಲ್ಲಿಂದ ಅರಬರ ಬಾಯಿಗೆ ಬಿದ್ದು ಸುಕ್ಕರ್ ಆಯ್ತು. ಅರಬರು ಮೆಡಿಟರೇನಿಯನ್ ಸುತ್ತಾ ಕಬ್ಬು ಹಾಕಿದ್ರು, ಸಿಸಿಲಿ, ಸ್ಪೇನು ಎಲ್ಲಾ ಕಡೆ. ಕಬ್ಬಿನ ಜೊತೆ ಹೆಸರೂ ಹೋಯ್ತು. ಲ್ಯಾಟಿನ್ನಲ್ಲಿ ಸುಕ್ಕಾರುಂ, ಫ್ರೆಂಚಲ್ಲಿ ಸುಕ್ರ್, ಸುಮಾರು 1300ರ ಹೊತ್ತಿಗೆ ಇಂಗ್ಲಿಷಲ್ಲಿ ಶುಗರ್. ಜರ್ಮನಿಯ ತ್ಸುಕರ್, ರಷ್ಯದ ಸಾಖರ್, ಎಲ್ಲಾ ಅದೇ ವಂಶ."

"ನಾನು ಯೋಳಿಲ್ವಾ!" ಅಂತ ಪುಟ್ಟರಾಜು ತೊಡೆ ತಟ್ಟಿದ. ಬಿಳೀ ವಿಷ ಹೋಯಿತು ಅನ್ನುವ ದುಃಖವೇ ಅವನಿಗಿರಲಿಲ್ಲ. ಸಂಸ್ಕೃತ ಗೆದ್ದರೆ ಸಾಕು, ಯಾವ ದಾರಿಯಿಂದ ಗೆದ್ದರೂ ಸರಿ.

"ಆದ್ರೆ ಶರ್ಕರಾ ಅಂದ್ರೆ ಮೊದಲು ಸಿಹಿ ಅಂತ ಅಲ್ಲ" ಅಂದರು ಮೇಷ್ಟ್ರು.

"ಮತ್ತೆ?"

"ಜಲ್ಲಿ."

ಬೆಂಚು ಸ್ವಲ್ಪ ಅಲ್ಲಾಡಿತು. ಶಿವಣ್ಣ ಸರಿದು ಕೂತಿದ್ದ.

"ಸಣ್ಣ ಕಲ್ಲು, ಗರಸು, ಮರಳುಗಲ್ಲು. ವೇದದ ಕಾಲದ ಸಂಸ್ಕೃತದಲ್ಲಿ ಶರ್ಕರಾ ಅಂದ್ರೆ ಕಾಲಿಗೆ ಚುಚ್ಚೋದು, ನಾಲಿಗೆಗೆ ಹಾಕ್ಕೊಳ್ಳೋದಲ್ಲ. ಕಬ್ಬಿನ ಹಾಲು ಕಾಯಿಸಿ ಗಟ್ಟಿ ಮಾಡಿದಾಗ ಹರಳು ಹರಳಾಗಿ ಜಲ್ಲಿ ಥರ ಕಾಣ್ತಲ್ಲ, ಅದಕ್ಕೂ ಅದೇ ಹೆಸರು ಕೊಟ್ರು. ಸಿಹಿ ನೋಡಿ ಇಟ್ಟ ಹೆಸರಲ್ಲ ಕಣಯ್ಯಾ, ಆಕಾರ ನೋಡಿ ಇಟ್ಟಿದ್ದು."

"ಹಂಗಾದ್ರೆ ಕಲ್ಲುಸಕ್ಕರೆ ಅಂದ್ರೆ?" ಅಂದೆ.

"ಕಲ್ಲು-ಜಲ್ಲಿ. ದೇವಸ್ಥಾನದಲ್ಲಿ ಪ್ರಸಾದ ಅಂತ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕ್ಕೊಳ್ಳೋದು ಅದೇ."

ಸೀನ ಕ್ಯಾಲ್ಕುಲೇಟರ್ ಒತ್ತುವವನಂತೆ ಬೆರಳಾಡಿಸಿದ. "ನಮ್ಮದು ಸಕ್ಕರೆ ನಾಡು ಅಂತೀವಲ್ಲ ಮೇಷ್ಟ್ರೇ. ಅಂದ್ರೆ ಜಲ್ಲಿ ನಾಡಾ?"

"ಕ್ರಷರ್‌ಗಳನ್ನ ನೋಡಿದ್ರೆ ಎರಡರ್ಥದಲ್ಲೂ ಸರಿಹೋಗುತ್ತೆ" ಅಂದುಬಿಟ್ಟರು ಮೇಷ್ಟ್ರು. ಆಮೇಲೆ ಆಚೀಚೆ ನೋಡಿ ದನಿ ಇಳಿಸಿದರು. ಇಲ್ಲಿ ಯಾವ ಬೆಂಚಿನ ಮೇಲೆ ಯಾರ ಭಾವಮೈದ ಕೂತಿರುತ್ತಾನೋ ಹೇಳುವಂತಿಲ್ಲ.

ಮಂಡ್ಯ ಸಕ್ಕರೆ ನಾಡಾದದ್ದು ಹಾಗೆ ನೋಡಿದರೆ ತೀರಾ ಹಳೇ ಕತೆಯಲ್ಲ. ಕಟ್ಟೆ ಕಟ್ಟಿ, ನಾಲೆ ತೆಗೆದು, ರಾಗಿ ಹೊಲಕ್ಕೆ ನೀರು ಬಂದ ಮೇಲೆ ಕಬ್ಬು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು. ಮಂಡ್ಯ ಅನ್ನೋ ಜಿಲ್ಲೆ ಆದದ್ದೇ ಅದಾದ ಮೇಲೆ, 1939ರಲ್ಲಿ. ನಮ್ಮ ಜಿಲ್ಲೆಗಿಂತ ನಮ್ಮ ಸಕ್ಕರೆ ಆರು ವರ್ಷ ದೊಡ್ಡದು. ಇದನ್ನು ನಾನು ಹೇಳಿದಾಗ ಶಿವಣ್ಣನಿಗೆ ರೇಗಿತು. "ಅದಕ್ಕೂ ಮುಂಚೆ ನಮ್ಮ ತಾತ ಗಾಣ ಆಡುಸ್ತಿರ್ಲಿಲ್ವಾ? ಬೆಲ್ಲದ್ದು ಯಾರೂ ಯೋಳಲ್ಲ ಬುಡು." ಬೆಲ್ಲದ ಪರವಾಗಿ ಅವನ ಮನಸ್ಸಿನಲ್ಲಿ ಯಾವಾಗಲೂ ಒಂದು ಅರ್ಜಿ ಸಿದ್ಧವಾಗಿರುತ್ತದೆ. ಅದನ್ನು ಅವನು ಮುಂದೆ ಮಂಡಿಸಿದ, ಬರುತ್ತೇನೆ ಅಲ್ಲಿಗೆ.

ಅದಕ್ಕೂ ಮೊದಲು ಅವನಿಗೊಂದು ಹಳೇ ನೋವು ನೆನಪಾಯಿತು.

"ಮೇಷ್ಟ್ರೇ, ಮಿಡ್ಲಿಸ್ಕೂಲಲ್ಲಿ ನಾನು ಎಸ್ ಯು ಸು, ಜಿ ಎ ಆರ್ ಗರ್, ಸುಗರ್ ಅಂತ ಓದ್ದೆ. ಆಗಿದ್ದ ಮೇಷ್ಟ್ರು ಬೆತ್ತ ಮುರಿಯೋಗಂಟ ಹೊಡುದ್ರು. ಬರಿಯೋದು ಸು, ಅನ್ನೋದು ಶು. ಇದ್ಯಾವ ನ್ಯಾಯ?"

ಮೇಷ್ಟ್ರು ತಮ್ಮ ವೃತ್ತಿಯ ಪರವಾಗಿ ಸ್ವಲ್ಪ ತಲೆ ತಗ್ಗಿಸಿದರು. "ನಿನ್ನ ತಪ್ಪಿಲ್ಲ ಶಿವಣ್ಣ. ಹಿಂದೆ ಅವರೂ 'ಸ್ಯು' ಅಂತಾನೇ ಅಂತಿದ್ರು. ಹತ್ತು ಸಲ ಬೇಗ ಬೇಗ ಸ್ಯು ಸ್ಯು ಅಂದು ನೋಡು."

ಶಿವಣ್ಣ ಅಂದ. ಪುಟ್ಟರಾಜುವೂ ಅಂದ. ಎದುರಿಗಿದ್ದ ಬೆಂಚಿನ ಗಿರಾಕಿ ತನ್ನ ನಾಯಿಮರಿಯನ್ನು ಕರೆಯುತ್ತಿದ್ದಾರೆ ಅಂದುಕೊಂಡು ಅದನ್ನು ಎತ್ತಿಕೊಂಡು ಆಚೆ ಹೋದ.

"ಶು ಆಗೋಯ್ತಾ?"

"ಆಯ್ತು ಮೇಷ್ಟ್ರೇ."

"ಅವರ ಬಾಯಲ್ಲೂ ಹಂಗೇ ಆಗಿದ್ದು. ಶೂರ್ ಅನ್ನೋ ಪದದ್ದೂ ಅದೇ ಹಣೆಬರಹ. ಬಾಯಿ ಮುಂದೆ ಹೋಯ್ತು, ಕಾಗುಣಿತ ಅಲ್ಲೇ ನಿಂತ್ಕೊಳ್ತು."

"ಹಂಗಾದ್ರೆ ನಾಕ್ನೂರು ವರ್ಸ ಮುಂಚೆ ಹುಟ್ಟಿದ್ರೆ ನಂಗೆ ಏಟು ಬೀಳ್ತಿರಲಿಲ್ಲ" ಅಂದ ಶಿವಣ್ಣ, ಬೆನ್ನು ಮುಟ್ಟಿಕೊಂಡು.

ಇದರಲ್ಲಿ ನನಗೆ ಕಂಡ ತಮಾಷೆ ಬೇರೆ. ಸಂಸ್ಕೃತದ ಶರ್ಕರಾದಲ್ಲಿದ್ದ ಶಕಾರವನ್ನು ನಾವು ಕನ್ನಡದವರು ಬಿಟ್ಟು 'ಸಕ್ಕರೆ' ಅಂದೆವು. ಅರಬರೂ ಬಿಟ್ಟರು, ಲ್ಯಾಟಿನ್ನವರೂ ಬಿಟ್ಟರು, ಫ್ರೆಂಚರೂ ಬಿಟ್ಟರು. ಕೊನೆಗೆ ಎಲ್ಲೋ ಇಂಗ್ಲೆಂಡಿನಲ್ಲಿ ನಾಲಿಗೆ ಹೊರಳಿ ಶಕಾರ ತಾನಾಗಿ ಬಂದು ಕೂತಿದೆ. ಬರೆಯೋದು ಸಕ್ಕರೆಯ ಸ, ಅನ್ನೋದು ಶರ್ಕರೆಯ ಶ. ಇದನ್ನು ಪುಟ್ಟರಾಜುಗೆ ಹೇಳಬಾರದಿತ್ತು. "ಮೂಲಕ್ಕೆ ಮರಳಿತು!" ಅಂತ ಅಲ್ಲೇ ಟೈಪ್ ಮಾಡಲು ಶುರುಮಾಡಿದ. ಆಕಸ್ಮಿಕ ಕಣೋ ಅಂದರೂ ಕೇಳಲಿಲ್ಲ. ಆ ಸಂದೇಶ ಈಗ ಎಷ್ಟು ಗುಂಪು ಸುತ್ತಿದೆಯೋ, ಇನ್ನೆರಡು ದಿನಕ್ಕೆ ನನಗೇ ವಾಪಸ್ ಬರುತ್ತದೆ, ಯಾವುದೋ ವಿಜ್ಞಾನಿ ಹೇಳಿದ್ದು ಅಂತ.

"ಕ್ಯಾಂಡಿ ಗೊತ್ತಲ್ಲ, ಮಕ್ಕಳು ಚೀಪೋದು?" ಮೇಷ್ಟ್ರಿಗೆ ಹುರುಪು ಹತ್ತಿತ್ತು. "ಅದೂ ನಮ್ಮದೇ. ಖಂಡ. ತುಂಡು ಅಂತ. ಸಕ್ಕರೆ ತುಂಡಿಗೆ ಖಂಡ, ಪರ್ಷಿಯಾದಲ್ಲಿ ಕಂದ್, ಅಲ್ಲಿಂದ ಕ್ಯಾಂಡಿ. ನಮ್ಮ ಖಂಡಸಾರಿಯಲ್ಲಿರೋದೂ ಅದೇ ಖಂಡ."

"ಖಂಡ ಅಂದ್ರೆ ನಮ್ಮ ಕಡೆ ಬಾಡು" ಅಂದ ಸೀನ.

"ಅದೂ ತುಂಡೇ ಅಲ್ವೇನಯ್ಯಾ?"

"ಮಾರಮ್ಮನ ಹಬ್ಬದಲ್ಲಿ ನಾವು ತಿನ್ನೋದು ಕ್ಯಾಂಡಿ ಅನ್ನಿ" ಅಂತ ಸೀನ ಸಮಾಧಾನಪಟ್ಟುಕೊಂಡ. ಡಾಕ್ಟರು ಅವನಿಗೆ ಬಾಡು ಕಮ್ಮಿ ಮಾಡು ಅಂದಿದ್ದರು, ಕ್ಯಾಂಡಿ ಬಗ್ಗೆ ಏನೂ ಅಂದಿರಲಿಲ್ಲ.

ಉತ್ತರದವರು ಬಿಳೀ ಸಕ್ಕರೆಗೆ ಚೀನಿ ಅನ್ನುತ್ತಾರೆ, ಚೀನಾದ್ದು ಅಂತ. ಕಲ್ಲುಸಕ್ಕರೆಗೆ ಮಿಸ್ರಿ ಅನ್ನುತ್ತಾರೆ, ಮಿಸ್ರ್ ಅಂದರೆ ಈಜಿಪ್ಟಿನದು ಅಂತ. ಮಜಾ ಏನೆಂದರೆ, ಸಕ್ಕರೆ ಮಾಡುವ ಕೈಕೆಲಸ ಕಲಿಯಲಿಕ್ಕೆ ಚೀನಾದ ಟಾಂಗ್ ಚಕ್ರವರ್ತಿ 647ರಲ್ಲಿ ಮಗಧಕ್ಕೆ ಜನ ಕಳಿಸಿದ್ದ. ಕಲಿಸಿದವರು ನಾವು, ಹೆಸರು ಅವರದು. ಇದನ್ನು ಕೇಳಿ ಪುಟ್ಟರಾಜು ಎಷ್ಟು ಕೆರಳಿದ ಅಂದರೆ ಇವತ್ತಿನಿಂದ ಗೋಬಿ ಮಂಚೂರಿ ತಿನ್ನುವುದಿಲ್ಲ ಅಂದ. ಮಾರನೆ ದಿನ ಬಸ್ ಸ್ಟ್ಯಾಂಡ್ ಗಾಡಿ ಹತ್ತಿರ ಕಂಡ. ನಾನು ನೋಡಲಿಲ್ಲ ಅಂತ ಅವನೂ, ಅವನು ನೋಡಲಿಲ್ಲ ಅಂತ ನಾನೂ ಪ್ಲೇಟು ಖಾಲಿ ಮಾಡಿದೆವು.

"ಯೂರೋಪಿನೋರಿಗೆ ಮೊದಲು ಸಕ್ಕರೆ ಗೊತ್ತೇ ಇರಲಿಲ್ವಾ?" ಅಂದ ಸೀನ.

"ಎಲ್ಲಿಂದ? ಜೇನೇ ಗತಿ. ಅಲೆಕ್ಸಾಂಡರನ ಜೊತೆ ಬಂದಿದ್ದ ನೆಯಾರ್ಕಸ್ ಅನ್ನೋ ದಂಡನಾಯಕ ಇಲ್ಲಿ ಕಬ್ಬು ನೋಡಿ, ಜೇನುಹುಳ ಇಲ್ಲದೇನೇ ಜೇನು ಕೊಡೋ ಜೊಂಡು ಅಂತ ವರದಿ ಮಾಡಿದ. ಅದಾಗಿ ಸುಮಾರು ನಾನೂರು ವರ್ಷದ ಮೇಲೆ ರೋಮಿನ ಪ್ಲಿನಿ ಬರೆದ: ಬೆಳ್ಳಗಿರುತ್ತೆ, ಹಲ್ಲಲ್ಲಿ ಕಡಿದ್ರೆ ಪುಡಿಯಾಗುತ್ತೆ, ಔಷಧಿಗೆ ಮಾತ್ರ ಬಳಸ್ತಾರೆ ಅಂತ."

"ಔಸ್ದಿಗಾ?"

"ಔಷಧಿಗೇ. ಕಬ್ಬಿಗೆ ಲಿನ್ನೇಯಸ್ 1753ರಲ್ಲಿ ಇಟ್ಟ ಶಾಸ್ತ್ರೀಯ ಹೆಸರು ಸ್ಯಾಕರಂ ಆಫಿಸಿನೇರಂ. ಸ್ಯಾಕರಂ ಅಂದ್ರೆ ಅದೇ ನಮ್ಮ ಶರ್ಕರೆ, ಗ್ರೀಕರ ಬಾಯಿಂದ ಬಂದಿದ್ದು. ಆಫಿಸಿನೇರಂ ಅಂದ್ರೆ ಔಷಧಿ ಅಂಗಡೀದು. ನಮ್ಮ ಗದ್ದೇಲಿ ನಿಂತಿರೋದು ಮೆಡಿಕಲ್ ಸ್ಟೋರ್ ಜಲ್ಲಿ ಕಣ್ರಯ್ಯಾ."

"ಈಗ ಅದನ್ನ ತಿಂದ್ರೆ ಮೆಡಿಕಲ್ ಸ್ಟೋರಿಗೆ ಹೋಗ್ಬೇಕು" ಅಂದ ಶಿವಣ್ಣ. ಅವನಿಗೆ ಸಕ್ಕರೆಯ ಮೇಲೆ ಒಂದು ಏಟು ಹೊಡೆಯುವ ಅವಕಾಶ ಸಿಕ್ಕರೆ ಸಾಕು.

ಇಂಗ್ಲೆಂಡಿನಲ್ಲಿ ಅದು ಮೊದಮೊದಲು ರಾಜರ ಮನೆಯ ಸೊತ್ತು. ಒಂದನೇ ಎಲಿಜಬೆತ್ ರಾಣಿಯ ಹಲ್ಲು ಕಪ್ಪಾಗಿದ್ದವು ಅಂತ 1598ರಲ್ಲಿ ಅಲ್ಲಿಗೆ ಹೋಗಿದ್ದ ಹೆಂಟ್ಸ್‌ನರ್ ಅನ್ನುವ ಜರ್ಮನ್ ಪ್ರವಾಸಿ ಬರೆದಿಟ್ಟಿದ್ದಾನೆ. ಇಂಗ್ಲಿಷರು ಸಕ್ಕರೆ ಜಾಸ್ತಿ ತಿನ್ನುತ್ತಾರೆ, ಅದಕ್ಕೇ ಹಿಂಗೆ ಅಂತ ಕಾರಣವನ್ನೂ ಕೊಟ್ಟಿದ್ದಾನೆ. ಒಂದು ದೇಶದ ರಾಣಿಯ ಬಾಯಿ ನೋಡಿ ಬಂದು ಹಾಗೆ ಬರೆಯೋಕೆ ಧೈರ್ಯ ಬೇಕು. ಆಮೇಲಿನ ಇನ್ನೂರು ಮುನ್ನೂರು ವರ್ಷ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದವರನ್ನು ದುಡಿಸಿದ್ದು ನಗುವ ವಿಷಯವಲ್ಲ. ಮೇಷ್ಟ್ರು ಅದನ್ನೂ ಹೇಳಿದರು. ನಾವು ನಾಲ್ಕೂ ಜನ ಸುಮ್ಮನೆ ಕೂತು ಕೇಳಿದೆವು.

ಮೌನ ಮುರಿದದ್ದು ಸೀನನ ಜೇಬು. ಅದರಿಂದ ಲ್ಯಾಬಿನ ಚೀಟಿ ಹೊರಗೆ ಬಂತು. "ಅದೆಲ್ಲಾ ಇರ್ಲಿ ಮೇಷ್ಟ್ರೇ, ನಮ್ಮೋಳ್ದು 180 ಅಂತ ಕೊಟ್ಟವ್ರೆ. ಏನು 180? ಕೆಜಿನಾ?"

ಇದರ ಲೆಕ್ಕ ನನಗೆ ಗೊತ್ತಿತ್ತು, ಹೇಳಿದೆ. ಒಂದು ಡೆಸಿಲೀಟರ್, ಅಂದರೆ ನೂರು ಮಿಲಿ ರಕ್ತದಲ್ಲಿ ಇಷ್ಟು ಮಿಲಿಗ್ರಾಂ ಗ್ಲೂಕೋಸ್ ಅಂತ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ. ನೂರರ ಲೆಕ್ಕ ಇದ್ದರೆ ಒಟ್ಟು ಐದು ಗ್ರಾಂ. ಒಂದು ಟೀ ಚಮಚ.

ಸೀನ ನಂಬಲಿಲ್ಲ. ಒಳಗಿನ ಹುಡುಗನನ್ನು ಕರೆದು ಒಂದು ಚಮಚ ಸಕ್ಕರೆ ತರಿಸಿದ. ಪೇಪರ್ ಮೇಲೆ ಸುರಿದು, ಬೆರಳಲ್ಲಿ ಹರಡಿ ಐದು ಜನವೂ ಬಗ್ಗಿ ನೋಡಿದೆವು. ಹರಳುಗಳು ಟ್ಯೂಬ್‌ಲೈಟಿಗೆ ಮಿನುಗಿದವು, ನಿಜಕ್ಕೂ ಜಲ್ಲಿಯೇ, ಮೂಲೆ ಮೂಲೆಯಾಗಿ. ಪೇಪರಿನ ಮಡಿಕೆಯಲ್ಲಿ ಅಷ್ಟು ಹೊತ್ತಿಗಾಗಲೇ ಎರಡು ಇರುವೆ ಹಾಜರು.

"ಇಷ್ಟೇನಾ? ಇಡೀ ಮೈಗೆ?"

"ಇಷ್ಟೇ. 180 ಅಂದ್ರೆ ಇನ್ನೊಂದು ಮುಕ್ಕಾಲು ಚಮಚ ಜಾಸ್ತಿ."

"ಮುಕ್ಕಾಲು ಚಮಚಕ್ಕೆ ಈಪಾಟಿ ಗಲಾಟೆನಾ? ನಮ್ಮೋಳು ಉಪ್ಪಿಟ್ಟಿಗೇ ಇದಕ್ಕಿಂತ ಜಾಸ್ತಿ ಹಾಕ್ತಾಳೆ!"

"ಇರುವೆ ನೋಡಯ್ಯಾ" ಅಂದರು ಮೇಷ್ಟ್ರು. "ಹಿಂದೆ ಲ್ಯಾಬ್ ಎಲ್ಲಿತ್ತು? ಇದೇ ಲ್ಯಾಬು. ಮೈಗೂ ಮೂತ್ರಕ್ಕೂ ಇರುವೆ ಮುತ್ತಿದ್ರೆ ಪ್ರಮೇಹದ ಲಕ್ಷಣ ಅಂತ ಚರಕ ಸಂಹಿತೇಲಿದೆ. ಮಧುಮೇಹ ಅಂತ ಹೆಸರು ಬಂದಿದ್ದೂ ಅದಕ್ಕೇ, ಜೇನಿನ ಥರ ಅಂತ. ಇಂಗ್ಲೆಂಡಿನೋರು 1670ರ ದಶಕದಲ್ಲಿ, ಥಾಮಸ್ ವಿಲ್ಲಿಸ್ ಅನ್ನೋ ಡಾಕ್ಟರು, ರುಚಿ ನೋಡಿ ಬರೆದ್ರು, ಸಿಹಿಯಾಗಿದೆ ಅಂತ."

"ಏನನ್ನ ರುಚಿ ನೋಡಿ?" ಅಂದ ಪುಟ್ಟರಾಜು.

ಯಾರೂ ಉತ್ತರ ಕೊಡಲಿಲ್ಲ. ಅವನು ಕೈಯಲ್ಲಿದ್ದ ಕಾಫಿ ಲೋಟವನ್ನು ನಿಧಾನಕ್ಕೆ ಬೆಂಚಿನ ಮೇಲಿಟ್ಟ.

ಈಗ ಶಿವಣ್ಣನ ಸರದಿ. ಇಷ್ಟು ಹೊತ್ತು ಕಾದಿದ್ದೇ ಹೆಚ್ಚು.

"ಅದಕ್ಕೇ ನಾನು ಯೋಳೋದು. ಸಕ್ಕರೆ ಬುಡಿ, ಬೆಲ್ಲ ತಿನ್ನಿ. ಬೆಲ್ಲ ತಿಂದೋರಿಗೆ ಶುಗರ್ ಬರಕಿಲ್ಲ. ನಮ್ಮ ತಾತ ಒಂದು ಅಚ್ಚು ಬೆಲ್ಲ ಕಡ್ಕೊಂಡು ಒಂದು ಚೊಂಬು ನೀರು ಕುಡುದು ಗದ್ದೇಗೋಗೋನು. ತೊಂಬತ್ತು ವರ್ಸ."

"ನಿಮ್ಮ ತಾತ ಗದ್ದೇಲಿ ಬೆಳಗ್ಗಿಂದ ಸಂಜೇವರೆಗೂ ಅಗೀತಿದ್ರು. ನೀನು ಮಂಡೀಲಿ ಕೂತು ದುಡ್ಡು ಎಣಿಸ್ತೀಯ" ಅಂದೆ ನಾನು.

"ಬೆಲ್ಲದಾಗೆ ಕಬ್ಬಿಣ ಐತೆ. ಸಕ್ಕರೇಲಿ ಏನೈತೆ?"

"ಬೆಲ್ಲದಲ್ಲಿ ಕಬ್ಬಿಣ ಇದೆ, ನಿಜ. ನೂರು ಗ್ರಾಂ ಬೆಲ್ಲದಲ್ಲಿ 65ರಿಂದ 85 ಗ್ರಾಂ ಸಕ್ಕರೆ ಅಂಶಾನೂ ಇದೆ. ರಕ್ತಕ್ಕೆ ಹೋದ ಮೇಲೆ ಅದು ಆಲೆಮನೆಯಿಂದ ಬಂದಿದ್ದಾ, ಫ್ಯಾಕ್ಟರಿಯಿಂದ ಬಂದಿದ್ದಾ ಅಂತ ಯಾರೂ ಕೇಳೋದಿಲ್ಲ."

ಶಿವಣ್ಣ ಒಪ್ಪುವ ಆಸಾಮಿಯಲ್ಲ. ಆಲೆಮನೆಯ ವರ್ಣನೆಗೆ ಇಳಿದ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಮಡ್ಡಿ ತೆಗೆಯುವುದು, ಬೆಂಡೆ ಗಿಡದ ಲೋಳೆ ಹಾಕಿ ಹಸನು ಮಾಡುವುದು, ಪಾಕ ಬಂತೋ ಇಲ್ಲವೋ ಅಂತ ನೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುವುದು. ಇದನ್ನೆಲ್ಲ ಹೇಳುವಾಗ ಅವನ ಬಲಗೈ ಗಾಳಿಯಲ್ಲಿ ತಾನಾಗಿ ಹುಟ್ಟು ಹಾಕುತ್ತಿತ್ತು. ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಕುರಿಕಾಟು ಬೆಲ್ಲ, ಒಂದೊಂದರ ಬಣ್ಣ, ಒಂದೊಂದರ ರೇಟು. ಕಪ್ಪಗಿದ್ದರೆ ಒಳ್ಳೇದು, ಥಳಥಳ ಹಳದಿ ಇದ್ದರೆ ಏನೋ ಬೆರೆಸಿರುತ್ತಾರೆ ಅನ್ನುವ ಎಚ್ಚರಿಕೆ. ಕೇಳುತ್ತಾ ಕೇಳುತ್ತಾ ನಮಗೆಲ್ಲ ಬಾಯಲ್ಲಿ ನೀರು. ವಾದ ಗೆಲ್ಲುವುದು ಹೀಗೆ.

"ಇದನ್ನ ಹೋಗಿ ಹೋಗಿ ಶುಗರ್ ಜೊತೆ ಸೇರುಸ್ತೀರಲ್ಲ ಮೇಷ್ಟ್ರೇ? ಇಂಗ್ಲಿಷಲ್ಲೂ ಬೆಲ್ಲಕ್ಕೆ ಬೇರೆ ಹೆಸರಿಲ್ವಾ? ಜಾಗರಿ! ನಮ್ಮ ಮಂಡಿ ಬೋರ್ಡ್ ಮೇಲೇ ಬರ್ಸಿವ್ನಿ."

ಮೇಷ್ಟ್ರ ಮುಖದಲ್ಲಿ ಪರೀಕ್ಷೆಯ ಪೇಪರ್ ತಿದ್ದುವಾಗಿನ ನಗು ಕಾಣಿಸಿತು. "ಜಾಗರಿ ಎಲ್ಲಿಂದ ಬಂತು ಗೊತ್ತೇನಯ್ಯಾ?"

"ಎಲ್ಲಿಂದ?"

"ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಗೆ ಬಂದಾಗ ಬೆಲ್ಲ ನೋಡಿ, ಇದೇನು ಅಂತ ಕೇಳಿದ್ರು. ಇಲ್ಲಿನೋರು ಚಕ್ಕರ, ಸಕ್ಕರೆ ಅಂತ ಏನೋ ಅಂದ್ರು. ಅವರ ಕಿವಿಗೆ ಅದು ಜಾಗರ ಅಂತ ಕೇಳಿಸ್ತು. ಅದೇ ಇಂಗ್ಲಿಷರ ಜಾಗರಿ. ನಿನ್ನ ಬೋರ್ಡ್ ಮೇಲೆ ಇರೋದೂ ಶರ್ಕರೇನೇ ಶಿವಣ್ಣ."

ಶಿವಣ್ಣನ ಹುಟ್ಟು ಗಾಳಿಯಲ್ಲೇ ನಿಂತಿತು.

"ಅಷ್ಟೇ ಅಲ್ಲ, ಮಲಯಾಳದಲ್ಲಿ ಇವತ್ತಿಗೂ ಶರ್ಕರ ಅಂದ್ರೆ ಬೆಲ್ಲಾನೇ. ತಮಿಳರ ಚಕ್ಕರೈ ಪೊಂಗಲ್ ತಿಂದಿದ್ದೀಯಲ್ಲ, ಅದಕ್ಕೆ ಹಾಕೋದು ಏನು?"

"ಬೆಲ್ಲ" ಅಂದ ಶಿವಣ್ಣ, ಬಾಯೊಳಗೇ.

"ಹೆಸರು?"

"ಸಕ್ಕರೆ." ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಲೆ ಕೊಡವಿದ. "ಹೆಸರು ಒಂದೇ ಆದ್ರೆ ಆಳೂ ಒಂದೇನಾ? ನಮ್ಮ ಬೀದೀಲಿ ಆರು ಜನ ನಿಂಗೇಗೌಡ್ರು ಅವ್ರೆ. ಒಬ್ಬ ಮಾಡಿದ ಸಾಲ ಇನ್ನೊಬ್ಬ ತೀರುಸ್ತಾನಾ?"

ಇದಕ್ಕೆ ಮೇಷ್ಟ್ರ ಹತ್ತಿರ ಉತ್ತರವಿರಲಿಲ್ಲ. ನನಗೆ ಕೇಳಿದರೆ ಶಿವಣ್ಣ ಹೇಳಿದ್ದರಲ್ಲಿ ಅರ್ಧ ನ್ಯಾಯ ಇದೆ. ಪದದ ಮೂಲ ಹಿಡಿದು ವೈದ್ಯ ಮಾಡಬಾರದು. ಗ್ಲೂಕೋಮೀಟರ್ ಹಿಡಿದು ಮಾಡಬೇಕು. ಹಾಗಂತ ಅವನ ಬೆರಳು ಚುಚ್ಚಲು ಹೋದರೆ ಮಾತ್ರ ಕೈ ಜೇಬಿಗೆ ಹೋಗುತ್ತದೆ. ಇವತ್ತಿನವರೆಗೂ ಅವನು ಟೆಸ್ಟ್ ಮಾಡಿಸಿಲ್ಲ. ಬೆಲ್ಲದ ವ್ಯಾಪಾರಿಗೆ ಶುಗರ್ ಬಂತು ಅಂತ ಗೊತ್ತಾದರೆ ಮಂಡಿಯ ಮರ್ಯಾದೆ ಏನಾಗಬೇಕು?

ಅಷ್ಟರಲ್ಲಿ ಸೀನ ಸೊಂಟ ಹಿಡಿದುಕೊಂಡು ಎದ್ದ. ಅವನಿಗೆ ಮೂತ್ರಪಿಂಡದಲ್ಲಿ ಕಲ್ಲು. ಬಾಳೆದಿಂಡಿನ ರಸ, ಹುರುಳಿ ಕಟ್ಟು, ಬಾರ್ಲಿ ನೀರು, ಯಾರು ಏನು ಹೇಳಿದರೂ ಕುಡಿಯುತ್ತಾನೆ, ಬಿಯರ್ ಒಳ್ಳೇದು ಅಂತ ಯಾರೋ ಹೇಳಿದ್ದನ್ನು ಮಾತ್ರ ಬಹಳ ನಿಷ್ಠೆಯಿಂದ ಪಾಲಿಸಿದ. ನಾಳೆ ಹೊಸದಾಗಿ ಒಬ್ಬರು ಆಯುರ್ವೇದದ ಡಾಕ್ಟರ ಹತ್ತಿರ ಹೋಗುವವನಿದ್ದ.

"ಅಂದಂಗೆ ಸೀನ" ಅಂದರು ಮೇಷ್ಟ್ರು, "ಸುಶ್ರುತ ಸಂಹಿತೇಲಿ ನಿನ್ನ ಕಾಯಿಲೆಗೂ ಒಂದು ಹೆಸರಿದೆ. ದೊಡ್ಡ ಕಲ್ಲಿಗೆ ಅಶ್ಮರಿ. ಅದು ಒಡೆದು ಸಣ್ಣ ಸಣ್ಣದಾಗಿ ಮೂತ್ರದಲ್ಲಿ ಬಂದ್ರೆ..."

"ಬಂದ್ರೆ?"

"ಶರ್ಕರಾ."

ಸೀನ ಮತ್ತೆ ಕೂತ. ಮೇಷ್ಟ್ರನ್ನು ನೋಡಿದ, ಪೇಪರ್ ಮೇಲಿನ ಸಕ್ಕರೆಯನ್ನು ನೋಡಿದ.

"ಅಂದ್ರೆ ನಂಗೂ ಶುಗರ್ರೇ, ನಮ್ಮೋಳ್ಗೂ ಶುಗರ್ರೇ?"

"ಸಂಸ್ಕೃತದ ಪ್ರಕಾರ ಹೌದು" ಅಂದ ಪುಟ್ಟರಾಜು, ಬಹಳ ಸಂತೋಷದಿಂದ.

"ನಾಳೆ ನಮ್ಮೋಳ್ನೂ ಜೊತೇಗೆ ಕರ್ಕೊಂಡೋಗ್ತಿವ್ನಿ ಕಣ್ರೋ, ಒಂದೇ ಫೀಸಲ್ಲಿ ಮುಗೀಲಿ ಅಂತ" ಅಂದ ಸೀನ. ಅವನ ಮುಖದಲ್ಲಿ ನಿಜವಾದ ಗಾಬರಿ ಇತ್ತು. "ಇಬ್ಬರ್ಗೂ ಶರ್ಕರಾ ಅಂತ ಚೀಟೀಲಿ ಬರ್ಕೊಂಡು, ಅವಳ್ಗೆ ಕಲ್ಲು ಕರಗೋ ಔಸ್ದಿ ಕೊಟ್ಟು, ನನ್ನ ಅನ್ನ ಕಿತ್ಕೊಂಡ್ಬುಟ್ರೆ ಏನ್ಮಾಡ್ಲಿ?"

"ಇಂಗ್ಲಿಷಲ್ಲೇ ಹೇಳಯ್ಯಾ" ಅಂದರು ಮೇಷ್ಟ್ರು. "ಅವಳಿಗೆ ಶುಗರ್, ನಿಂಗೆ ಸ್ಟೋನು."